ಗುಲಾಬಿಯ ನಾತ

ಪೀಣ್ಯ ಎರಡನೇ ಹಂತ, ಬೆಂಗಳೂರು
5 ಫೆಬ್ರುವರಿ 2024

ಚಿ. ಸವಿತಾಳಿಗೆ ಶ್ಯಾಮಸುಂದರನ ಆಶೀರ್ವಾದಗಳು.

ತಂಗಿಯ ಮದುವೆಗೆಂದು ರಜೆ ಹಾಕಿ ಊರಿಗೆ ಹೋದವಳಿಗೆ ಕೆಲಸದ ಪತ್ರ ಬರೆಯುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ವಾಸನೆ ಹೋಗುವುದಿಲ್ಲವಲ್ಲ. ಈ ಲಕೋಟೆಯಲ್ಲಿ ನಾಲ್ಕು ಕಾಗದದ ಪಟ್ಟಿಗಳಿವೆ. ಒಂದೊಂದನ್ನೂ ಬೇರೆ ಬೇರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಮೇಣದಬತ್ತಿಯಲ್ಲಿ ಅಂಚು ಕರಗಿಸಿ ಮುಚ್ಚಿದ್ದೇನೆ. 'ಮೂಲ' ಎಂದು ಬರೆದಿರುವುದು ನಮ್ಮ ಮಾಲೀಕ ಆಕರ್ಷ್ ದುಬೈನಿಂದ ತಂದ ಬಾಟಲಿಯದು. ಬೆಲೆ ಮೂವತ್ತೆರಡು ಸಾವಿರವಂತೆ. ಮೇಲೆ ಗುಲಾಬಿ, ಕೆಳಗೆ ಒದ್ದೆ ಮರ, ಸ್ವಲ್ಪ ಹೊಗೆ. ಅ, ಆ, ಇ ಎಂಬ ಮೂರು ನನ್ನವು, ಅಂದರೆ ಅದರ ನಕಲು. ಮುನ್ನೂರ ತೊಂಬತ್ತೊಂಬತ್ತಕ್ಕೆ ಮಾರುತ್ತಾರೆ. ನಕಲು ಎನ್ನಬಾರದು, 'ಸ್ಫೂರ್ತಿ ಪಡೆದದ್ದು' ಎನ್ನಬೇಕು ಎಂದು ಆಕರ್ಷ್ ತಿದ್ದುತ್ತಾನೆ. ಮೂವತ್ತೊಂದು ವರ್ಷ ಸರ್ಕಾರಿ ಸೋಪಿನ ಕಾರ್ಖಾನೆಯ ಲ್ಯಾಬಿನಲ್ಲಿ ನಿಜವಾದ ಗಂಧದೆಣ್ಣೆ ಮೂಸಿದವನು ಈಗ ಸ್ಫೂರ್ತಿಗೆ ಸಹಿ ಹಾಕುತ್ತೇನೆ. ಹೆಸರು 'ರೋಸ್ ನ್ವಾರ್', ಫ್ರೆಂಚಿನಲ್ಲಿ ಕಪ್ಪು ಗುಲಾಬಿ ಎಂದಂತೆ. ಪೆಟ್ಟಿಗೆಯ ಮೇಲಿನ ಇಂಗ್ಲಿಷ್ ಅಕ್ಷರಗಳನ್ನು ಕಷ್ಟಪಟ್ಟು ಓದಿದ, ನಿನ್ನ ಜೊತೆ ಬಾಟಲಿ ತುಂಬುವ ಬಸಮ್ಮ, "ನಾಯರ್ ಅಂದ್ರೆ ಟೀ ಅಂಗಡಿಯೋರಲ್ವಾ ಸಾರ್?" ಎಂದಳು.

ಮೂರರಲ್ಲಿ ಯಾವುದು ಮೂಲಕ್ಕೆ ಹತ್ತಿರ ಎಂದು ಬರೆದು ಕಳಿಸು. ಫಿಲ್ಲಿಂಗ್ ಲೈನಿನಲ್ಲಿ ನಿಂತಿದ್ದವಳು ಹೋದ ವರ್ಷ ಕೆಟ್ಟ ಎಣ್ಣೆಯ ಡ್ರಮ್ಮನ್ನು ಮುಚ್ಚಳ ತೆಗೆಯುವ ಮೊದಲೇ ಹಿಡಿದೆಯಲ್ಲ, ಅಂದಿನಿಂದ ನಿನ್ನ ಮೂಗಿನ ಮೇಲೆ ನನಗೆ ನಂಬಿಕೆ. ನನಗೆ ನೆಗಡಿ, ಜೊತೆಗೆ ಎರಡನೇ ಅಭಿಪ್ರಾಯ ಇದ್ದರೆ ಒಳ್ಳೆಯದು, ಅಷ್ಟೇ. ಉತ್ತರವನ್ನು ಮನೆಯ ವಿಳಾಸಕ್ಕೆ ಬರೆ. ಫೋನು ಬೇಡ. ಆಕರ್ಷ್ ಲ್ಯಾಬಿನಲ್ಲಿ ನನ್ನ ಪಕ್ಕದಲ್ಲೇ ಕೂರುತ್ತಾನೆ. ನಿನ್ನನ್ನು ಕೇಳಿ ನಾನು ಸಹಿ ಹಾಕುತ್ತೇನೆಂದು ಅವನಿಗೆ ಗೊತ್ತಾಗುವುದು ಬೇಡ.

ನಿಜ ಹೇಳಲೇ? ಈಚೆಗೆ ಗುಲಾಬಿ ಎಂದರೆ ನನಗೆ ಹೇಸಿಗೆ. ವಯಸ್ಸಾಯಿತು.

ಶ್ಯಾಮಸುಂದರ


ತಾವರಗೇರಾ, ಕೊಪ್ಪಳ ಜಿಲ್ಲೆ
13 ಫೆಬ್ರುವರಿ 2024

ಶ್ಯಾಮಸುಂದರ ಸರ್ ಅವರಿಗೆ ಸವಿತಾ ಮಾಡುವ ನಮಸ್ಕಾರಗಳು.

ಪಟ್ಟಿಗಳು ಬಂದವು. ಅಂಚೆಯಣ್ಣ ಲಕೋಟೆಯನ್ನು ಮೂಗಿಗೆ ಹಿಡಿದುಕೊಂಡೇ ಓಣಿಯಲ್ಲಿ ಬಂದ. "ಯಾರ್ದವ್ವಾ ಪತ್ರ, ಅತ್ತರ್ ಸಾಬನದೇನು?" ಎಂದು ಎಲ್ಲರಿಗೂ ಕೇಳುವಂತೆ ಅಂದ. ನನ್ನ ಅವ್ವ ಮಹಾಂತಮ್ಮ ಲಕೋಟೆಯನ್ನು ಮನೆಯೊಳಗೆ ತರಬೇಡವೆಂದು ಕಟ್ಟೆಯ ಮೇಲೆ ಇಡಿಸಿದಳು.

ಸರ್, 'ಇ' ಮೂಲಕ್ಕೆ ಹತ್ತಿರ ಇದೆ. 'ಅ' ಬರೀ ಸಕ್ಕರೆ. 'ಆ'ದಲ್ಲಿ ಮರ ಜಾಸ್ತಿ, ಗುಲಾಬಿ ಇಲ್ಲ. ನನ್ನ ತಂಗಿ ಭುವನೇಶ್ವರಿಗೂ 'ಇ' ಸೇರಿತು. ಮದುಮಗಳು ನೋಡಿ, ಪಟ್ಟಿಯನ್ನು ಟ್ರಂಕಿನಲ್ಲಿ ಹೊಸ ಸೀರೆಯ ನಡುವೆ ಇಟ್ಟುಕೊಂಡಿದ್ದಾಳೆ.

ಮದುವೆ ಮಾರ್ಚ್ 27ಕ್ಕೆ ಗಟ್ಟಿಯಾಯಿತು. ಅಲ್ಲಿಯವರೆಗೂ ರಜೆ ಬೇಕೆಂದು ಆಕರ್ಷ್ ಸರ್‌ಗೆ ಹೇಳಿ. ನನಗೆ ಸ್ವಲ್ಪ ಪಿತ್ತ ಆಗಿದೆ, ಬೇರೇನಿಲ್ಲ. ನನ್ನ ಮನೆಯವರು ಹನುಮೇಶ ಅಲ್ಲೇ ರಾಜಗೋಪಾಲನಗರದ ರೂಮಿನಲ್ಲಿದ್ದಾರೆ. ನಿಮ್ಮ ನೆಗಡಿಗೆ ಮೆಣಸಿನ ಕಷಾಯ ಕುಡಿಯಿರಿ. ಮಳೆಗಾಲದಿಂದ ಹೇಳುತ್ತಿದ್ದೀರಿ, ಇನ್ನೂ ಹೋಗಿಲ್ಲವೇ?

ಸವಿತಾ


ಪೀಣ್ಯ
24 ಫೆಬ್ರುವರಿ 2024

ಚಿ. ಸವಿತಾ,

ನೀನು ಹೇಳಿದ ಹಾಗೆ 'ಇ'ಯನ್ನೇ ಮಾಡಿದೆವು. ಮೂರು ಸಾವಿರ ಬಾಟಲಿ ತುಂಬಿ ನಿಂತಿದೆ. ಅದರಿಂದ ಒಂದನ್ನು ಈ ಪಾರ್ಸೆಲ್ಲಿನಲ್ಲಿ ಕಳಿಸಿದ್ದೇನೆ. ಮೊದಲು ನೀನು ಮೂಸಿ ನೋಡು. ಪಟ್ಟಿಯ ಮೇಲೆ ನಾಲ್ಕು ಹನಿ ಹಾಕುವುದು ಬೇರೆ, ಡ್ರಮ್ಮಿನಲ್ಲಿ ಮಾಡುವುದು ಬೇರೆ. ಸರಿಯಿದ್ದರೆ ಒಂದೇ ಸಾಲು ಬರೆ, ಸಹಿ ಹಾಕಿ ಮಾರಾಟಕ್ಕೆ ಬಿಡುತ್ತೇನೆ. ನಿನ್ನ ಪತ್ರ ಬರುವವರೆಗೂ ಲಾರಿಗೆ ಹಾಕಲು ಬಿಡುವುದಿಲ್ಲ. ಆಮೇಲೆ ಬಾಟಲಿಯನ್ನು ಭುವನೇಶ್ವರಿಗೆ ಕೊಡು, ನನ್ನ ಮತ್ತು ಪಂಕಜಾಳ ಉಡುಗೊರೆ ಎಂದು ಹೇಳು.

ನಿನ್ನೆ ಪಂಕಜಾ ಕೇಳಿದಳು: "ಏನ್ರೀ, ನಾನು ಮಲ್ಲಿಗೆ ಮುಡ್ಕೊಂಡ್ರೆ ಮುಖ ಆಕಡೆ ತಿರುಗಿಸ್ತೀರಲ್ಲ?" ಕಾರ್ಖಾನೆಯ ವಾಸನೆಯಿಂದ ತಲೆನೋವು ಎಂದೆ. ಅವಳು ಹೂವನ್ನು ತೆಗೆದು ತುಳಸಿಕಟ್ಟೆಯ ಮೇಲಿಟ್ಟಳು. ಇವತ್ತು ಮುಡಿಯಲೇ ಇಲ್ಲ.

ಶ್ಯಾಮಸುಂದರ


ತಾವರಗೇರಾ
2 ಮಾರ್ಚ್ 2024

ಸರ್ ಅವರಿಗೆ ನಮಸ್ಕಾರ.

ಬಾಟಲಿ ಬಂತು. ಚೆನ್ನಾಗಿದೆ. ಕಳಿಸಬಹುದು. ಭುವನೇಶ್ವರಿ ನಿಮಗೂ ಅಮ್ಮನವರಿಗೂ ನಮಸ್ಕಾರ ಹೇಳಿದ್ದಾಳೆ. ಮದುವೆ ಕೆಲಸ ಬಹಳ, ಹೆಚ್ಚು ಬರೆಯಲಾರೆ.

ಸವಿತಾ


ಪೀಣ್ಯ
15 ಮಾರ್ಚ್ 2024

ಚಿ. ಸವಿತಾ,

ನಿನ್ನ ಸಾಲು ಬಂದ ದಿನವೇ ಸಹಿ ಹಾಕಿದೆ. ಒಂಬತ್ತು ದಿನದಲ್ಲಿ ಎರಡು ಸಾವಿರ ಬಾಟಲಿ ಹೋಯಿತು. ವೈಟ್‌ಫೀಲ್ಡಿನ ಟೆಕ್ ಪಾರ್ಕಿನ ಹುಡುಗಿಯರು ಮೊಬೈಲಿನಲ್ಲಿ ವಿಡಿಯೊ ಮಾಡಿ ಹಾಕುತ್ತಿದ್ದಾರಂತೆ. ಆಕರ್ಷ್ ಎಲ್ಲರಿಗೂ ಬಾದುಷಾ ಹಂಚಿದ. ನನ್ನ ಹೆಗಲ ಮೇಲೆ ಕೈಹಾಕಿ "ಅಂಕಲ್, ನಿಮ್ಮ ಮೂಗಿಗೆ ಇನ್ಶೂರೆನ್ಸ್ ಮಾಡಿಸ್ಬೇಕು" ಎಂದ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಬಸಮ್ಮನ ಬೆರಳುಗಳ ಸಿಪ್ಪೆ ಏಳುತ್ತಿದೆ. ಲೈನಿನಲ್ಲಿ ಗ್ಲೌಸು ಮುಗಿದು ಎರಡು ವಾರವಾಯಿತು. ಪಾತ್ರೆ ತೊಳೆಯುವ ಪುಡಿಯಿಂದ ಹಾಗಾಗಿದೆ ಎಂದು ಆಕರ್ಷ್ ಹೇಳುತ್ತಾನೆ. ಇರಬಹುದು.

ಮದುವೆಗೆ ಬರಲಾಗುವುದಿಲ್ಲ, ಆಶೀರ್ವಾದಗಳು.

ಶ್ಯಾಮಸುಂದರ


ತಾವರಗೇರಾ
8 ಏಪ್ರಿಲ್ 2024

ಶ್ಯಾಮಸುಂದರ ಸರ್ ಅವರಿಗೆ,

ಏಳು ಸಲ ಫೋನ್ ಮಾಡಿದೆ. ನೀವು ಎತ್ತಲಿಲ್ಲ. ಅದಕ್ಕೇ ಪತ್ರ.

ಮದುವೆಯ ದಿನ ಭುವನೇಶ್ವರಿಯ ಗೆಳತಿಯರು ನಿಮ್ಮ ಬಾಟಲಿಯಿಂದ ಅವಳ ಕುತ್ತಿಗೆಗೆ, ಕಿವಿಯ ಹಿಂದೆ, ಎದೆಯ ಮೇಲೆ ಅರ್ಧದಷ್ಟು ಹೊಡೆದರು. ಆಮೇಲೆ ಬಿಸಿಲಿನಲ್ಲಿ ಮೂರು ತಾಸು ಕುಳಿತಿದ್ದಳು. ಉರಿಯುತ್ತದೆ ಎಂದು ಒಮ್ಮೆ ಅಂದಳು. ಹೊಸ ತಾಳಿಯ ದಾರ ತಿಕ್ಕಿರಬೇಕು, ಸುಮ್ಮನಿರು ಎಂದು ನಾನೇ ಗದರಿದೆ. ಮರುದಿನ ಗಂಡನ ಮನೆಯಲ್ಲಿ ಎದ್ದಾಗ ಕುತ್ತಿಗೆ ಪೂರಾ ಗುಳ್ಳೆ. ಮೂರನೆಯ ದಿನ ಒಡೆದು ನೀರು ಸೋರಿ ಕೀವಾಯಿತು. ರವಿಕೆ ಅಂಟಿಕೊಂಡು ಬಿಡಿಸಲು ಬರಲಿಲ್ಲ. ಗುಲಾಬಿಯೂ ಕೀವೂ ಕೂಡಿ ಹೊಡೆಯುವ ನಾತ ಹೇಗಿರುತ್ತದೆ ಗೊತ್ತೇ ನಿಮಗೆ? ನಾನು ಮೂಸಿದ್ದೇನೆ. ಇವತ್ತಿಗೂ ಅನ್ನದ ತಟ್ಟೆಯ ಮುಂದೆ ಕುಳಿತರೆ ಅದೇ ಬರುತ್ತದೆ.

ಅವಳ ಅತ್ತೆ ಮರೆವ್ವ ಮೂಗಿಗೆ ಸೆರಗು ಹಿಡಿದುಕೊಂಡು, "ಚರ್ಮದ ರೋಗ ಮುಚ್ಚಿಟ್ಟು ಹುಡುಗಿ ಕೊಟ್ಟಾರ. ಹೊಲಸ ನಾರತಾಳ" ಎಂದು ಓಣಿಗೆಲ್ಲ ಕೇಳುವಂತೆ ಹೇಳಿದಳು. ಯುಗಾದಿಗೆ ನಾವು ಹೋಗಿ ಕರೆತರಬೇಕಿದ್ದ ಹುಡುಗಿಯನ್ನು ಅವರೇ ಟಂಟಂ ಆಟೊದಲ್ಲಿ ತಂದು ಬಾಗಿಲಲ್ಲಿ ಇಳಿಸಿ ಹೋದರು. ಗಂಡ ಚನಬಸಪ್ಪ ಗಾಡಿಯಿಂದ ಇಳಿಯಲೇ ಇಲ್ಲ. ಕುಷ್ಟಗಿಯ ಡಾಕ್ಟರು ನೋಡಿ, ರೋಗವಲ್ಲ, ಕೆಮಿಕಲ್ ಸುಟ್ಟಿದ್ದು ಎಂದರು. ಚೀಟಿ ತೋರಿಸಿದರೆ ಅವರ ಹಿರಿಯರು ನಂಬುವುದಿಲ್ಲ, ರೊಕ್ಕ ಕೊಟ್ಟು ಬರೆಸಿದ್ದಾರೆ ಎನ್ನುತ್ತಾರೆ.

ಸರ್, ಈಗ ನಾನು ಮಾಡಿದ್ದನ್ನು ಹೇಳುತ್ತೇನೆ. ನಾನು ಬಸುರಿ. ಹೋದ ವರ್ಷ ಒಂದು ಬಸಿರು ಮೂರು ತಿಂಗಳಿಗೇ ಹೋಯಿತು. ಐದು ತುಂಬುವವರೆಗೆ ಯಾರಿಗೂ ಹೇಳಬಾರದೆಂದು ಅವ್ವನ ಮಾತು. ಹೇಳಿದರೆ ಲೈನಿನಿಂದ ತೆಗೆಯುತ್ತಾರೆಂದು ನನಗೂ ಹೆದರಿಕೆ. ಆ ಪಟ್ಟಿಗಳನ್ನು ಮೂಸಿದಾಗಲೇ ವಾಂತಿ ಬಂದಿತ್ತು. ಬಾಟಲಿ ತೆರೆದಾಗ ಕೊಳೆತ ಬಣ್ಣದ ಡಬ್ಬಿಯಲ್ಲಿ ಇಲಿ ಸತ್ತಂತೆ ವಾಸನೆ ಬಂತು. ಹಿತ್ತಲಿಗೆ ಓಡಿದೆ. ಒಗ್ಗರಣೆಯೂ ನನಗೆ ಹಾಗೇ ನಾರುತ್ತಿತ್ತು. ಆದ್ದರಿಂದ ಕೆಟ್ಟಿರುವುದು ನನ್ನ ಹೊಟ್ಟೆ, ನಿಮ್ಮ ಬಾಟಲಿ ಅಲ್ಲ ಎಂದುಕೊಂಡು 'ಚೆನ್ನಾಗಿದೆ' ಎಂದು ಬರೆದೆ. ಅಷ್ಟು ದೊಡ್ಡವರು ಮೂಸಿರುತ್ತಾರೆ, ನಾನು ಹೇಳುವುದೇನಿದೆ ಎಂದುಕೊಂಡೆ.

ತಪ್ಪು ನನ್ನದೂ ಇದೆ. ಆದರೆ ನೀವು ಮೂಸಿದ್ದಿರಲ್ಲ ಸರ್? ನಿಮಗೆ ಗೊತ್ತಾಗಲಿಲ್ಲವೇ?

ಒಂದೇ ಉಪಕಾರ ಕೇಳುತ್ತೇನೆ. ಇದು ಸೆಂಟಿನಿಂದ ಆದದ್ದು, ಹುಡುಗಿಗೆ ಯಾವ ರೋಗವೂ ಇಲ್ಲ ಎಂದು ಒಂದು ಕಾಗದದಲ್ಲಿ ಬರೆದು, ಕೆಳಗೆ ಸಹಿ ಮಾಡಿ ಕಳಿಸಿ. ಹಿರಿಯರ ಮುಂದೆ ಇಡುತ್ತೇನೆ.

ಸವಿತಾ


ಪೀಣ್ಯ
16 ಏಪ್ರಿಲ್ 2024

ಚಿ. ಸವಿತಾಳಿಗೆ,

ಪತ್ರ ಓದಿ ಮನಸ್ಸಿಗೆ ಬಹಳ ಕಷ್ಟವಾಯಿತು. ಆದರೆ ಆತುರ ಬೇಡ. ಮದುವೆಯಲ್ಲಿ ಅರಿಶಿನ, ಮೆಹೆಂದಿ, ಹೊಸ ಒಡವೆ, ಮುಖಕ್ಕೆ ಹಚ್ಚುವ ಕ್ರೀಮು ಎಲ್ಲ ಇರುತ್ತದೆ. ಯಾವುದರಿಂದ ಆಯಿತೆಂದು ಹೇಗೆ ಹೇಳುವುದು? ಕೆಲವರ ಚರ್ಮವೇ ಸೂಕ್ಷ್ಮ. ಸಹಿ ಮಾಡಿ ಕೊಡುವುದೆಂದರೆ ಕಂಪನಿಯ ವಿಷಯ, ಕಾನೂನಿನ ವಿಷಯ. ಆಕರ್ಷ್ ಜೊತೆ ಮಾತಾಡುತ್ತೇನೆ. ಸದ್ಯಕ್ಕೆ ಲೋಳೆಸರ ಹಚ್ಚಿ. ನಿನ್ನ ಆರೋಗ್ಯ ನೋಡಿಕೋ. ಬಸುರಿ ಎಂದು ತಿಳಿದು ಸಂತೋಷವಾಯಿತು.

ಶ್ಯಾಮಸುಂದರ


ತಾವರಗೇರಾ
22 ಏಪ್ರಿಲ್ 2024

ಸರ್,

ನಿಮ್ಮ ಪತ್ರವನ್ನು ಭುವನೇಶ್ವರಿಯೂ ಓದಿದಳು. 'ಕೆಲವರ ಚರ್ಮವೇ ಸೂಕ್ಷ್ಮ' ಎಂಬಲ್ಲಿಗೆ ಬಂದಾಗ ನಿಲ್ಲಿಸಿ, "ನಮ್ಮತ್ತಿನೂ ಇದನ್ನ ಅಂದಿದ್ಲಕ್ಕಾ" ಎಂದಳು.

ಪೀಣ್ಯದ ಮೋರಿ ದಾಟುವಾಗ ಮೂಗು ಮುಚ್ಚಿಕೊಳ್ಳುತ್ತಿದ್ದೆ. ನಿಮ್ಮ ಪತ್ರ ಓದಿದಾಗಲೂ ಹಾಗೇ ಅನ್ನಿಸಿತು. ಇನ್ನು ಬರೆಯಬೇಡಿ.

ಸವಿತಾ


ಪೀಣ್ಯ
9 ಮೇ 2024

ಸವಿತಾ,

ಬರೆಯಬೇಡಿ ಎಂದಿದ್ದೀಯೆ. ಇದೊಂದನ್ನು ಓದು. ನೀನು ಕೇಳಿದ ಕಾಗದ ಇದರ ಜೊತೆಯಲ್ಲೇ ಇದೆ. ನನ್ನ ಪೂರ್ಣ ಹೆಸರು, ಓದು, ಅನುಭವ ಎಲ್ಲ ಬರೆದು ನೋಟರಿ ಮುಂದೆ ಸಹಿ ಮಾಡಿದ್ದೇನೆ.

'ನಿಮಗೆ ಗೊತ್ತಾಗಲಿಲ್ಲವೇ' ಎಂದು ನೀನು ಕೇಳಿದ್ದೆ. ಅದಕ್ಕೆ ಉತ್ತರ ಕೊಡದೆ ಲೋಳೆಸರ ಹಚ್ಚಿ ಎಂದು ಬರೆದ ನನ್ನ ಕೈಯನ್ನು ನೋಡಿದರೆ ನನಗೇ ಅಸಹ್ಯ.

ನನಗೆ ನೆಗಡಿ ಇಲ್ಲ. ಹೋದ ಆಷಾಢದ ಜ್ವರ ಬಿಟ್ಟಾಗ ನನ್ನ ಮೂಗು ಕೆಟ್ಟಿತು. ವಾಸನೆ ಬರದೇ ಹೋಗಿದ್ದರೆ ಎಷ್ಟೋ ಚೆನ್ನಾಗಿತ್ತು. ಎಲ್ಲವೂ ಕೊಳೆತ ವಾಸನೆಯೇ. ಕಾಫಿ ಸುಟ್ಟ ಟೈರಿನಂತೆ. ಮಲ್ಲಿಗೆ ಚರಂಡಿಯಂತೆ. ಗುಲಾಬಿ ಸತ್ತ ಇಲಿಯಂತೆ. ದಿನಕ್ಕೆ ಎಂಟು ಗಂಟೆ ಸತ್ತ ಇಲಿಯನ್ನು ಮೂಸಿ 'ಅಹಾ' ಎನ್ನುತ್ತಿದ್ದೆ. ಮಧ್ಯಾಹ್ನದ ಡಬ್ಬಿಯನ್ನು ಕಾರ್ಖಾನೆಯ ಹಿಂದಿನ ನಾಯಿಗೆ ಹಾಕುತ್ತಿದ್ದೆ. ಪಂಕಜಾಳಿಗೂ ಹೇಳಲಿಲ್ಲ. ಮೂವತ್ತೊಂದು ವರ್ಷ ಮೂಗಿನಿಂದಲೇ ಮರ್ಯಾದೆ ಪಡೆದವನು, ಅದು ಹೋಯಿತು ಎಂದರೆ ನಾನು ಯಾರು ಎನ್ನುವ ಭಯ. ಅದಕ್ಕೆ ನಿನ್ನ ಮೂಗನ್ನು ಸಾಲ ತೆಗೆದುಕೊಂಡೆ. ನಿನಗೂ ತಿಳಿಸಲಿಲ್ಲ.

ಆ ಮೂರು ಸಾವಿರದ ಬ್ಯಾಚು ತೆರೆದಾಗ ನನಗೂ ಕೊಳೆತ ಬಣ್ಣದ ನಾತವೇ ಬಂತು. ನನ್ನ ಮೂಗೇ ಕೊಳೆತಿದೆ ಎಂದುಕೊಂಡು ಸುಮ್ಮನಾದೆ. ನಿನ್ನ ಮೂಗು ಸರಿಯಾಗಿಯೇ ಇತ್ತು ಸವಿತಾ. ಆ ಒಂದು ದಿನ ನನ್ನದೂ ಸರಿಯಾಗಿತ್ತು. ಇಬ್ಬರೂ ನಿಜವನ್ನೇ ಮೂಸಿ ಇಬ್ಬರೂ ಸುಳ್ಳು ಬರೆದೆವು. ನಿನ್ನದಕ್ಕೆ ಕಾರಣವಿತ್ತು. ನನ್ನದು ಬರೀ ಜಂಬ.

ಬರೆಯಬೇಡಿ ಎಂಬ ನಿನ್ನ ಪತ್ರ ಬಂದ ಮೇಲೆ ಸ್ಟೋರಿಗೆ ಹೋದೆ. ಹಿಂದಿನ ಗೋಡೆಗೆ ಎರಡು ನೀಲಿ ಡ್ರಮ್ಮು, ಆ ಬ್ಯಾಚಿಗೆ ಬಳಸಿದ್ದು. ಸೆಂಟಿಗೆ ಬಳಸುವ ಸ್ಪಿರಿಟ್ ಅಲ್ಲ. ಬಣ್ಣದ ಕಾರ್ಖಾನೆಯೊಂದರಲ್ಲಿ ಬಳಸಿ ಬಿಟ್ಟ ಸ್ಪಿರಿಟ್ಟನ್ನು ಮತ್ತೆ ಬಟ್ಟಿ ಇಳಿಸಿದ್ದು. ತಳದಲ್ಲಿ ಹಳದಿ ಲೋಳೆ ಕೂತಿತ್ತು. ಕಡ್ಡಿಯಿಂದ ಎತ್ತಿದರೆ ಸಿಂಬಳದಂತೆ ಎಳೆಯಾಗಿ ಜೋತುಬಿತ್ತು. ಇದನ್ನೇ ಹುಡುಗಿಯರ ಕುತ್ತಿಗೆಗೆ ಹಾಕಿದ್ದೇವೆ.

ಆಕರ್ಷ್‌ನನ್ನು ಕರೆದು ತೋರಿಸಿದೆ. ಅವನು ಫೋನಿನಿಂದ ಕಣ್ಣೆತ್ತಲಿಲ್ಲ.

"ಅಂಕಲ್, ನೀವೇ ಅಪ್ರೂವ್ ಮಾಡಿರೋದು. ಸೈನ್ ನಿಮ್ದೇ ಇದೆ."

"ಹೌದಪ್ಪ. ಅದಕ್ಕೇ ಹೇಳ್ತಿದೀನಿ. ಮಾಲು ವಾಪಸ್ ತರ್ಸು."

"ಬೆಂಗಳೂರಲ್ಲಿ ಕಂಪ್ಲೇಂಟ್ ಬರ್ತಿದೆ, ಗೊತ್ತು. ಇಲ್ಲಿಂದ ಎತ್ಬಿಡ್ತೀನಿ. ಲೇಬಲ್ ಕಿತ್ತು ಬೇರೆ ಹೆಸರು ಹಾಕಿ, ತೊಂಬತ್ತೊಂಬತ್ತಕ್ಕೆ ಆಕಡೆ ಕೊಪ್ಪಳ, ಯಾದಗಿರಿ ಸಂತೆಗಳಿಗೆ ಕಳ್ಸೋಣ. ಅಲ್ಲಿ ಯಾರ್ ಕೇಳ್ತಾರೆ?"

ಅವನ ಮೈಯಿಂದ ಆ ಮೂವತ್ತೆರಡು ಸಾವಿರದ ಸೆಂಟು ಬರುತ್ತಿತ್ತು. ನನಗೆ ತಡೆಯಲಾಗಲಿಲ್ಲ. ಅಲ್ಲೇ, ಸ್ಟೋರಿನ ಬಾಗಿಲಲ್ಲೇ ವಾಂತಿ ಮಾಡಿಕೊಂಡೆ. ಅವನು ತನ್ನ ಬೂಟನ್ನು ಹಿಂದಕ್ಕೆ ಎಳೆದುಕೊಂಡು, "ಛೀ, ಯಾರಾದ್ರೂ ಇದನ್ನ ಕ್ಲೀನ್ ಮಾಡಿ" ಎಂದ. ಬಸಮ್ಮ ಸಿಪ್ಪೆ ಎದ್ದ ಕೈಯಲ್ಲಿ ಬಕೆಟ್ ಹಿಡಿದು ಬಂದಳು. ಅವಳ ಕೈಯಿಂದ ಕಿತ್ತುಕೊಂಡು ನಾನೇ ಒರೆಸಿದೆ. ಒರೆಸಿದ ಮೇಲೆ ಎರಡು ಡ್ರಮ್ಮಿನಿಂದಲೂ ಒಂದೊಂದು ಶೀಸೆ ತುಂಬಿಕೊಂಡು ಹೊರಗೆ ಬಂದೆ. ತಿರುಗಿ ಹೋಗಿಲ್ಲ.

ಮನೆಗೆ ಬಂದು ಪಂಕಜಾಳಿಗೆ ಎಲ್ಲ ಹೇಳಿದೆ. ಅವಳು ನಿನ್ನ ಪತ್ರಗಳನ್ನೆಲ್ಲ ತೆಗೆಸಿ ಓದಿದಳು. ಆಮೇಲೆ, "ನನ್ ಹೂವು ನಾರುತ್ತೆ ಅಂತ ಹೇಳಿದ್ರೆ ನಾನೇನ್ ಅಳ್ತಿದ್ನಾ? ಆ ಮಗೂಗೆ ಬರ್ದಿದೀರಲ್ಲ ಪತ್ರ, ಅದಕ್ಕೆ ಅಳ್ಬೇಕು" ಎಂದಳು. ಮರುದಿನ ಅವಳೇ ಜೊತೆಯಲ್ಲಿ ಔಷಧ ನಿಯಂತ್ರಣ ಇಲಾಖೆಗೆ ಬಂದಳು. ಶೀಸೆ ಕೊಟ್ಟು ದೂರು ಬರೆದೆ. ಒಪ್ಪಿಗೆಯ ಸಹಿ ನನ್ನದೇ ಎಂದೂ ಬರೆದೆ. ಮೂರನೆಯ ದಿನ ಅಧಿಕಾರಿಗಳು ಬಂದು ಸ್ಟೋರಿಗೆ ಬೀಗ ಮುದ್ರೆ ಹಾಕಿದರು. ಕೊಪ್ಪಳಕ್ಕೆ ಲಾರಿ ಹೋಗಲಿಲ್ಲ. ಕೇಸಿನಲ್ಲಿ ಆಕರ್ಷ್ ಮೊದಲನೆಯವನು, ನಾನು ಎರಡನೆಯವನು. ಅದು ಸರಿಯಾಗಿಯೇ ಇದೆ.

ಭುವನೇಶ್ವರಿಗೆ ಏನು ಹೇಳಲಿ? ನಿನ್ನ ಚರ್ಮಕ್ಕೆ ಏನೂ ಆಗಿಲ್ಲಮ್ಮ, ಹಾಳಾದದ್ದು ನಾವು ಎಂದು ಹೇಳು.

ಶ್ಯಾಮಸುಂದರ


ತಾವರಗೇರಾ
30 ಮೇ 2024

ಶ್ಯಾಮಸುಂದರ ಸರ್ ಅವರಿಗೆ ನಮಸ್ಕಾರಗಳು.

ಹೋದ ಭಾನುವಾರ ಬಸವಣ್ಣನ ಗುಡಿಯ ಕಟ್ಟೆಗೆ ಎರಡೂ ಕಡೆಯ ಹಿರಿಯರು ಕೂಡಿದರು. ನಿಮ್ಮ ಕಾಗದವನ್ನು ನಾನೇ ನಿಂತು ಓದಿದೆ. 'ಈ ತಪ್ಪಿಗೆ ನಾನು ಹೊಣೆ' ಎಂಬ ಸಾಲನ್ನು ಇನ್ನೊಮ್ಮೆ ಓದು ಎಂದರು. ಓದಿದೆ. ಮರೆವ್ವ ತಲೆ ತಗ್ಗಿಸಿ, "ಆತ್ ಬಿಡ್ರಿ, ಗೊತ್ತಿಲ್ದ ಅಂದ್ವಿ. ಹುಡುಗಿನ ಕಳಸ್ರಿ" ಎಂದಳು. ಹಿರಿಯರೆಲ್ಲ ಸಮಾಧಾನವಾಗಿ ಎಲೆ ಅಡಿಕೆಗೆ ಕೈಹಾಕಿದರು. ನಮ್ಮ ಅವ್ವ ಆಗಲೇ ಉಡಿ ತುಂಬಲು ಅಕ್ಕಿಯ ಮೊರ ಎತ್ತಿಕೊಂಡು ಎದ್ದಳು.

ಆಗ ಭುವನೇಶ್ವರಿ ಕುತ್ತಿಗೆಯ ಸೆರಗು ತೆಗೆದಳು. ಗಾಯ ಮಾಯ್ದಿದೆ. ಕಿವಿಯಿಂದ ಎದೆಯವರೆಗೆ ಕಪ್ಪು ಕಲೆ ಉಳಿದಿದೆ. ಅಷ್ಟು ಜನರ ಮುಂದೆ ಅದನ್ನು ತೋರಿಸಿ, "ಕೀವು ಸೋರುವಾಗ ಒಬ್ಬರೂ ನೀರು ಕೊಡಲಿಲ್ಲ. ಮೂಗು ಮುಚ್ಚಿಕೊಂಡ್ರಿ. ಕಾಗದ ಬಂತಂತ ಈಗ ಕರೀತೀರಿ. ಕಾಗದ ಬರದಿದ್ರ? ಆ ಮನಿ ನೆನಸಿದ್ರ ನನಗ ಹೇಸಿಕಿ ಬರತೈತಿ, ನಾ ಬರಂಗಿಲ್ಲ" ಎಂದಳು. ಅವ್ವ ಅಕ್ಕಿಯ ಮೊರ ಹಿಡಿದುಕೊಂಡೇ ಅಳತೊಡಗಿದಳು. ಹಿರಿಯರು ಸಿಟ್ಟಾಗಿ ಎದ್ದುಹೋದರು. ಇಷ್ಟು ಕಷ್ಟಪಟ್ಟು ತರಿಸಿದ ಕಾಗದ ಎಂದು ನನಗೂ ಮೊದಲು ಸಿಟ್ಟು ಬಂತು. ಆಮೇಲೆ ಅವಳ ಕೈ ಹಿಡಿದುಕೊಂಡು ಮನೆಗೆ ಬಂದೆ.

ಚನಬಸಪ್ಪ ಮರುದಿನ ಒಬ್ಬನೇ ಬಂದಿದ್ದ. ಸಂಜೆಯವರೆಗೂ ಹೊರಗೆ ಕುಳಿತಿದ್ದ. ಅವಳು ಮಾತಾಡಿಸಲಿಲ್ಲ. ಇವತ್ತು ಮತ್ತೆ ಬಂದಿದ್ದಾನೆ. ಏನಾಗುತ್ತದೋ ಗೊತ್ತಿಲ್ಲ. ಜೂನಿನಿಂದ ಕುಷ್ಟಗಿಗೆ ಹೊಲಿಗೆ ಕಲಿಯಲು ಹೋಗುತ್ತೇನೆ ಎನ್ನುತ್ತಿದ್ದಾಳೆ.

ನನಗೆ ಆರು ತಿಂಗಳು. ವಾಂತಿ ನಿಂತಿದೆ. ಹೆರಿಗೆಯಾದ ಮೇಲೆ ಬೆಂಗಳೂರಿಗೆ ಬರುತ್ತೇನೆ, ಆದರೆ ಸೆಂಟಿನ ಕಡೆಗೆ ತಿರುಗಿಯೂ ನೋಡುವುದಿಲ್ಲ. ಬಸಮ್ಮನನ್ನು ಯಾರಾದರೂ ಡಾಕ್ಟರಿಗೆ ತೋರಿಸಿದರೇ? ನೀವು ಬರೆದಿಲ್ಲ. ಅವಳ ರೂಮು ಹನುಮೇಶರಿಗೆ ಗೊತ್ತು, ಕೇಳಿಕೊಂಡು ಹೋಗಿ.

ನಿಮ್ಮನ್ನು ಕ್ಷಮಿಸಿದ್ದೇನೆ ಎಂದು ಬರೆಯಲು ಎರಡು ಸಲ ಕುಳಿತೆ. ಪಕ್ಕದಲ್ಲಿ ಭುವನೇಶ್ವರಿ ಕನ್ನಡಿ ಇಟ್ಟುಕೊಂಡು ಕುತ್ತಿಗೆಗೆ ಮುಲಾಮು ಹಚ್ಚಿಕೊಳ್ಳುತ್ತಿದ್ದಳು. ಬರೆಯಲು ಬರಲಿಲ್ಲ. ಆದರೆ ನೀವು ನಿಜ ಬರೆದಿರಿ. ನಿಜಕ್ಕೆ ಉತ್ತರ ಕೊಡದೆ ಇರಬಾರದು ಎನ್ನಿಸಿತು, ಕೊಟ್ಟಿದ್ದೇನೆ.

ಸವಿತಾ